ಜೋಡಿ ಎಕ್ಕಾ, ಆರು ಶೇಂಗಾ ಹೋಳಿಗಿ

ಬನಹಟ್ಟಿಗೆ ಮಗ್ಗದ ಮೋಟಾರ್ ರಿಪೇರಿಗೆ ಹೋದರೆ ಒಂದೇ ತೊಂದರೆ: ಕರೆಂಟ್ ಹೋದ ಕೂಡಲೇ ನೇಕಾರರು ಇಸ್ಪೀಟು ತೆಗೆಯುತ್ತಾರೆ. ಅವತ್ತು ನಾನೂ ಮೂರೆಲೆ ಆಟಕ್ಕೆ ಕೂತೆ. ದುಡ್ಡಿಲ್ಲ, ಬುತ್ತಿಯ ತಿನಿಸೇ ಪಣ. ನನಗೆ ಎರಡು ಎಕ್ಕಾ ಬಂದವು. ಹೆಂಡತಿ ಕಟ್ಟಿಕೊಟ್ಟ ಆರು ಶೇಂಗಾ ಹೋಳಿಗಿಯಲ್ಲಿ ನಾಲ್ಕನ್ನು ಇಟ್ಟೇಬಿಟ್ಟೆ. ಎಲ್ಲರೂ ಎಲೆ ಒಗೆದು ಆಟ ಬಿಟ್ಟರು, ಎದುರಿಗಿದ್ದ ಮೋಟಾರ್ ಮಾಲೀಕ ಮಲ್ಲಪ್ಪಣ್ಣ ಒಬ್ಬ ಒಗೆಯಲಿಲ್ಲ.

ಮೂವತ್ತು ವರ್ಷ ಮಗ್ಗದ ಸದ್ದಿನಲ್ಲೇ ಕಳೆದವನು ಮಲ್ಲಪ್ಪಣ್ಣ. ಅವನ ಪಿಸುಮಾತು ಓಣಿಯ ಆ ತುದಿಗೂ ಕೇಳುತ್ತದೆ. ಪಕ್ಕದವನ ಕಿವಿಗೆ ಬಾಯಿಟ್ಟು, "ಮೂರೂ ಒಂಬತ್ತ ಬಂದಾವಲೇ, ಯಾರಿಗೂ ಹೇಳಬ್ಯಾಡ!" ಎಂದ. ಆಮೇಲೆ ತನ್ನ ಮಿರ್ಚಿ ಭಜಿಯ ಪೊಟ್ಟಣವನ್ನೇ ಮುಂದೆ ತಳ್ಳಿದ.

ಮೂರು ಒಂಬತ್ತಿನ ಮುಂದೆ ಎಕ್ಕಾ ಜೋಡಿ ಕಸಕ್ಕೆ ಸಮ. ಎಲೆ ಒಗೆದರೆ ಎರಡು ಹೋಳಿಗಿಯಾದರೂ ಉಳಿಯುತ್ತವೆ. ಆದರೆ ನಾನು ಜಮಖಂಡಿಯವ, ಶಾಣ್ಯಾ. ಖರೆ ಎಲೆಯನ್ನು ಯಾರಾದರೂ ಹೀಗೆ ಒದರಿ ಹೇಳುತ್ತಾರೆಯೇ? ನನ್ನನ್ನು ಹೆದರಿಸಲು ಹೂಡಿದ ನಾಟಕ ಎಂದುಕೊಂಡು ಉಳಿದೆರಡನ್ನೂ ಇಟ್ಟು, "ತೋರಸ್ರಿ" ಎಂದೆ.

ಮೂರು ಒಂಬತ್ತು.

"ನೀವು ಹೇಳಿದ್ದು ನನಗ ಕೇಳಿಸಿತ್ರಿ," ಎಂದೆ, ಬಾಯಿ ತಡೆಯದೆ.

ಮಲ್ಲಪ್ಪಣ್ಣ ಹೋಳಿಗಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಮತ್ತೆ ಪಕ್ಕದವನ ಕಿವಿಗೆ ಬಾಯಿಟ್ಟ.

"ಕೇಳಿಸಿದ್ರೂ ಹೋಳಿಗಿ ಇಟ್ಟಾನಲೇ ಇಂವ! ಮೋಟಾರ್ ಬ್ಯಾರೆದವರಿಗೆ ತೋರಸೂಣು."

ಈ ಸಲ ಮಾತ್ರ ಅವನ ಮಾತು ನಂಬಿ, ರಿಪೇರಿಯ ಪಾನಾ, ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ತುಂಬಿಕೊಂಡೆ.