ಎರಡಂಗುಲದಮ್ಮನ ಉಣ್ಣೆಯ ಕೋಟು

ಅವಳ ಅಸಲು ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಎರಡಂಗುಲದಮ್ಮ. ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡಂಗುಲ ಮಡಚಿ ಬಿಡುತ್ತಿದ್ದಳು. "ಮೈಯನ್ನ ನಂಬಬಾರದು, ಯಾವಾಗ ಉಬ್ಬುತ್ತೋ!" ಎನ್ನುವುದು ಅವಳ ವೇದಾಂತ. ಬೆಲೆ ಹೇಳುವಾಗಲೂ ಅದೇ ಲೆಕ್ಕ. ಎರಡು ಸಾವಿರದ ಕೆಲಸಕ್ಕೆ ನಾಲ್ಕು ಸಾವಿರ ಅನ್ನುವಳು. ಗಿರಾಕಿ ಮುಖ ಗಂಟಿಕ್ಕಿ, ಅಂಗಡಿಯ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದರೆ ಮೂರಕ್ಕೆ ಒಪ್ಪುವಳು. ಅವನಿಗೆ ಗೆದ್ದ ಖುಷಿ, ಇವಳಿಗೆ ಸಾವಿರದ ಖುಷಿ.

ತಮ್ಮನ ಮಗಳು ಓದಲೆಂದು ಹಿಮ ಬೀಳುವ ದೇಶಕ್ಕೆ ಹೋಗಿದ್ದಳು. "ಅತ್ತೆ, ಇಲ್ಲಿ ನನ್ನ ಹಲ್ಲು ನಿನ್ನ ಮಿಷನ್ ಥರ ಕಟಕಟ ಅಂತಿದೆ" ಎಂದು ಅವಳು ಫೋನಿನಲ್ಲಿ ಅಂದದ್ದೇ ತಡ, ಎರಡಂಗುಲದಮ್ಮ ಮೂರು ದಿನ ಪಟ್ಟಾಗಿ ಕೂತು ಕಪ್ಪು ಉಣ್ಣೆಯ ಕೋಟು ಹೊಲಿದಳು.

ಅಂಚೆ ಕಚೇರಿಯ ಗುಮಾಸ್ತ ಒಂದು ಫಾರಂ ಮುಂದೆ ತಳ್ಳಿದ. "ಒಳಗೇನಿದೆ, ಬೆಲೆ ಎಷ್ಟು, ಬರೀರಿ ಅಮ್ಮ. ಆ ದೇಶದ ಸುಂಕದವರು ನೋಡೋದು ಇದನ್ನೇ."

"ಉಡುಗೊರೆಗೂ ಬೆಲೆ ಕೇಳ್ತಾರೇನಪ್ಪಾ?"

"ಕೇಳದೆ ಬಿಡ್ತಾರಾ? ನಿಜವಾದ್ದನ್ನ ಬರೀರಿ."

ಎರಡಂಗುಲದಮ್ಮ ಪೆನ್ನು ಕಚ್ಚಿದಳು. ಸುಂಕದವರೂ ಮನುಷ್ಯರೇ, ಚೌಕಾಶಿ ಮಾಡದೆ ಇರುತ್ತಾರೆಯೇ? ಎರಡು ಎಂದರೆ ಒಂದಕ್ಕೆ ಎಳೆದಾರು, ಕೋಟಿನ ಮಾನ ಹೋದೀತು. ನಾಲ್ಕು ಸಾವಿರ ಎಂದು ದಪ್ಪಗೆ ಬರೆದಳು.

ಮೂರು ವಾರಕ್ಕೆ ಫೋನು ಬಂತು.

"ಅತ್ತೆ, ಕೋಟು ಬಂದಿದೆ, ಕೈಗೆ ಕೊಡ್ತಿಲ್ಲ. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ದಾಟಿದ ಉಡುಗೊರೆಗೆ ಸುಂಕ ಅಂತೆ. ಅದನ್ನ ಕಟ್ಟಿದ್ರೆ ನಾನು ಈ ತಿಂಗಳು ಉಪವಾಸ. ಹತ್ತು ದಿನ ನೋಡಿ ವಾಪಸ್ ಕಳಿಸ್ತಾರಂತೆ."

"ಅವರು ಎಷ್ಟಕ್ಕೆ ಕೇಳಿದ್ರೇ?"

"ಇಲ್ಲಿ ಯಾರೂ ಇಳಿಸಿ ಕೇಳಲ್ಲ ಅತ್ತೆ. ಬರೆದಿದ್ದನ್ನ ಹಾಗೇ ನಂಬ್ತಾರೆ."

"ಹಾಗೇ ನಂಬ್ತಾರಾ! ಅಯ್ಯೋ, ಎಂಥಾ ಜನರೇ!"

ಚಳಿಯ ಕಥೆ ಹೇಳೋಣವೆಂದರೆ, ಸುಂಕದವನ ಮುಂದೆ ಸುಖದುಃಖ ಹೇಳಿ ಏನು ಫಲ? ಗುಮಾಸ್ತನ ಬಳಿ ಓಡಿದಳು.

"ನಿಮ್ಮ ಅಂಗಡಿಯ ರಸೀದಿ ಬೇಕು. ಬಟ್ಟೆಗೆಷ್ಟು, ಕೂಲಿಗೆಷ್ಟು, ಬಿಡಿಸಿ ಬರೆದು ಸಹಿ ಹಾಕಿ. ನಾನು ಫಾರಂ ನಕಲು ತೆಗೆದು ಎರಡಕ್ಕೂ ಮೊಹರು ಒತ್ತಿ ಕೊಡ್ತೀನಿ. ಫೋನಲ್ಲಿ ಚಿತ್ರ ತೆಗೆದು ಕಳಿಸಿ. ಹುಡುಗಿ ಅಲ್ಲಿ ತೋರಿಸ್ಲಿ, ಮತ್ತೊಮ್ಮೆ ನೋಡ್ತಾರೆ."

ಇಪ್ಪತ್ತೈದು ವರ್ಷದಿಂದ ನಿಜವಾದ ಬೆಲೆ ಎರಡಂಗುಲದಮ್ಮನ ಬಾಯಿಂದ ಹೊರಬಿದ್ದಿರಲಿಲ್ಲ. ಸಾಲದ್ದಕ್ಕೆ ಈ ಗುಮಾಸ್ತನೇ ಹೋದ ವರ್ಷ ಅದೇ ಉಣ್ಣೆಯ ಕೋಟು ಹೊಲಿಸಿಕೊಂಡಿದ್ದ. ಅವನಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾದ ಹಾಗೆ.

ಅಂಗಡಿಗೆ ಬಂದು ಅಳತೆ ಪುಸ್ತಕ ತೆರೆದಳು. ಅದರಲ್ಲಿ ಹುಡುಗಿಯ ಭುಜ ಆರನೆಯ ವಯಸ್ಸಿನಿಂದ ವರ್ಷಕ್ಕೊಂದು ಗೆರೆಯಂತೆ ಅಗಲವಾಗುತ್ತ ಬಂದಿತ್ತು. ಕೊನೆಯ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ರಸೀದಿ ಬರೆದಳು: ಬಟ್ಟೆ ಸಾವಿರದ ನಾನೂರು, ಗುಂಡಿ ನೂರು, ಕೂಲಿ ಐನೂರು.

ಗುಮಾಸ್ತ ಅದನ್ನು ಎರಡು ಸಲ ಓದಿದ. ಎತ್ತಿದ ಮೊಹರು ಕೈಯಲ್ಲೇ ನಿಂತಿತು.

"ಅಮ್ಮಾ, ಇದು ನನ್ನ ಕೋಟಿನ ಬಟ್ಟೆನೇ ಅಲ್ವಾ?"

"ಇರಬಹುದಪ್ಪಾ."

"ನಾನು ಮೂರು ಸಾವಿರ ಕೊಟ್ಟೆ! ಅದೂ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದು!"

"ಅದಕ್ಕೇ ನೋಡು, ಹೊಟ್ಟೆ ಕರಗಿ ಕೋಟು ಹೇಗೆ ಕೂತಿತ್ತು!"

"ಕರಗಿದ್ದು ಮತ್ತೆ ಬಂದಿದೆ, ಗುಂಡಿ ಹಾಕೋಕಾಗ್ತಿಲ್ಲ. ಒಳಗಿನ ಎರಡಂಗುಲ ಬಿಚ್ಚಿಕೊಡಿ. ಪುಕ್ಕಟೆ."

"ಪುಕ್ಕಟೆನಾ? ಐನೂರಾ..." ಅಭ್ಯಾಸಬಲದಿಂದ ಶುರುವಾದ ಮಾತು ಮೊಹರನ್ನು ನೋಡಿ ಅರ್ಧಕ್ಕೇ ನಿಂತಿತು. "ಆಯ್ತು, ತಗೊಂಡು ಬಾ."

ಮೊಹರು ಠಪ್ಪೆಂದು ಬಿತ್ತು.

ಎಂಟನೆಯ ದಿನ ಫೋನಿಗೆ ಚಿತ್ರ ಬಂತು. ಹಿಮದಲ್ಲಿ ಕಪ್ಪು ಕೋಟು, ಮೇಲೊಂದು ನಗು. ಎರಡಂಗುಲದಮ್ಮ ಆಗ ಗುಮಾಸ್ತನ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಬಟ್ಟೆಯ ಹೊರಮೈ ಬಿಸಿಲಿಗೆ ಮಾಸಿತ್ತು. ಒಳಗೆ ಮಡಚಿ ಬಿಟ್ಟಿದ್ದ ಎರಡಂಗುಲ ಮಾತ್ರ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು.