ಜಿನೋವಾದ ನೀಲಿ ಬಟ್ಟೆ

ನಮ್ಮ ಮನೆ ಯಜಮಾನರು ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಸಣ್ಣ ಶೆಡ್ಡು ನಡೆಸುತ್ತಾರೆ. ಹೊಲಿದ ಪ್ಯಾಂಟು ಕೈಗೆ ಬಂದರೆ ಅವರು ಮುಂಭಾಗ ನೋಡುವುದೇ ಇಲ್ಲ. ಮೊದಲು ಉಲ್ಟಾ ಮಾಡುತ್ತಾರೆ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಓಡಿಸುತ್ತಾರೆ, ಆಮೇಲೆಯೇ ಪಾಸು. ಜೀನ್ಸಿಗೆ ಆ ಹೆಸರು ಬಂದದ್ದು ಇಟಲಿಯ ಜಿನೋವಾ ಎಂಬ ಬಂದರಿನ ಊರಿಂದ, ಅಲ್ಲಿ ನಾನೂರು ಐನೂರು ವರ್ಷ ಹಳೆಯ ನೀಲಿ ಬಟ್ಟೆ ಇನ್ನೂ ಉಳಿದಿದೆ ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. ಅವತ್ತಿನಿಂದ ಅವರಿಗೆ ಅದೊಂದೇ ಧ್ಯಾನ. ಅದನ್ನು ಕಣ್ಣಾರೆ ನೋಡಬೇಕು.

ಆದರೆ ಅವರ ಕಣ್ಣಿಗೆ ಸಮಯ ಕಡಿಮೆಯಿತ್ತು. ಬಳ್ಳಾರಿಯ ಡಾಕ್ಟರು ಹೇಳಿದ್ದರು: ದೃಷ್ಟಿ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ, ಮಬ್ಬು ಬೆಳಕಿನಲ್ಲಿ ಮೊದಲು ಹೋಗುತ್ತದೆ, ಇದಕ್ಕೆ ಔಷಧಿ ಇಲ್ಲ. ಇನ್ನೂ ಎಷ್ಟು ದಿನ ಎಂದು ನಾನು ಕೇಳಿದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸತೊಡಗಿದರು. ಹೀಗಾಗಿ ಜೀನ್ಸ್ ವ್ಯಾಪಾರಿಗಳ ತಂಡವೊಂದು ಹೊಸ ಮಷೀನುಗಳನ್ನು ನೋಡಲು ಇಟಲಿಗೆ ಹೊರಟಾಗ ನಾವೂ ಸೇರಿಕೊಂಡೆವು.

ಜಿನೋವಾದಲ್ಲಿ ತಂಡದವರು ಮೀನಿನ ಗಾಜಿನಮನೆ, ಅರಮನೆ ಎಂದು ಬಸ್ಸು ಹತ್ತಿದರು. ನಾವಿಬ್ಬರು ಹಳೇ ಓಣಿಗಳಿಗೆ ಇಳಿದೆವು. ಎರಡು ತೋಳು ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಪೂರ ಓಣಿಗಳು, ಮೇಲೆ ಒಣಹಾಕಿದ ಬೆಡ್‌ಶೀಟುಗಳ ನಡುವೆ ಒಂದು ಪಟ್ಟಿ ಆಕಾಶ. ಮೂಲೆಮೂಲೆಗೆ ಗೂಡಿನೊಳಗೆ ಮೇರಿ ಮಾತೆ, ಅವಳ ಮುಂದೆ ಪ್ಲಾಸ್ಟಿಕ್ ಹೂ, ಒಂದು ಝೀರೋ ಬಲ್ಬು. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಗಿ ನಿಂತಿತು. ಗುಡ್ಡದ ಹೊಟ್ಟೆಯೊಳಗೆ ಸರಕಾರಿ ಲಿಫ್ಟೊಂದಿತ್ತು. ತರಕಾರಿ ಚೀಲದ ಹೆಂಗಸರು ನಾವು ಆಟೋ ಹತ್ತುವಂತೆ ಅದನ್ನು ಹತ್ತಿ ಮೇಲಿನ ಬೀದಿಗೆ ಹೋಗುತ್ತಿದ್ದರು. ಯಾರೂ ಫೋಟೋ ತೆಗೆಯುತ್ತಿರಲಿಲ್ಲ.

ಓಣಿಯುದ್ದಕ್ಕೂ ಅವರು ನನ್ನ ಭುಜದ ಮೇಲೆ ಕೈಯಿಟ್ಟೇ ನಡೆದರು. ಮೂವತ್ತು ವರ್ಷದಲ್ಲಿ ಬೀದಿಯಲ್ಲಿ ಹಾಗೆ ನಡೆದವರಲ್ಲ. ಇಲ್ಲಿಗೆ ಬಂದು ರಸಿಕರಾಗಿಬಿಟ್ಟಿರಿ ಎಂದು ಛೇಡಿಸಿದೆ. "ಇಲ್ಲಿ ನಮ್ಮ ಮಂದಿ ಯಾರದಾರ ನೋಡಾಕ, ನಡಿ" ಎಂದರು. ಒಂದು ಕಡೆ ಮೂಗರಳಿಸಿ, ಇಲ್ಲೇ ಎಲ್ಲೋ ನಿಮ್ಮ ಮಡಕಶಿರಾದ ಕಡ್ಲೆಕಾಯಿ ಹುರೀತಾರೆ ಎಂದು ನಕ್ಕರು. ನನ್ನ ತವರಿನವರು ಶೇಂಗಾ ಅನ್ನುವುದಿಲ್ಲವೆಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಹತ್ತು ಹೆಜ್ಜೆ ಹೋದ ಮೇಲೆ ನನಗೆ ಅಂಗಡಿ ಕಂಡಿತು. ಅವರು ಅದನ್ನು ದಾಟಿಯೇ ಹೋಗುತ್ತಿದ್ದರು. ಆಗಲೇ ನನಗೆ ತಿಳಿಯಬೇಕಿತ್ತು.

ಬಟ್ಟೆಯಿದ್ದದ್ದು ಹಳೇ ಚರ್ಚೊಂದರ ಪಕ್ಕದ ಸಣ್ಣ ಮ್ಯೂಸಿಯಮ್ಮಿನಲ್ಲಿ, ಮೆಟ್ಟಿಲಿಳಿದು ಹೋಗುವ ಕೋಣೆಯಲ್ಲಿ. ಹಳೇ ಬಣ್ಣ ಮಾಸಬಾರದೆಂದು ಅಲ್ಲಿ ದೀಪವನ್ನು ತೀರಾ ಮಂದ ಮಾಡಿದ್ದರು. ಎರಡಾಳೆತ್ತರದ ನೀಲಿ ಪರದೆಗಳು, ಅವುಗಳ ಮೇಲೆ ಬಿಳಿ ಗೆರೆಯಲ್ಲಿ ಏಸುವಿನ ಕೊನೆಯ ದಿನಗಳು. ನಮ್ಮನ್ನು ಬಿಟ್ಟರೆ ಕುರ್ಚಿಯಲ್ಲೊಬ್ಬ ಕಾವಲಿನ ಹೆಂಗಸು ಮಾತ್ರ.

ಯಜಮಾನರು ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಎಂಥಾ ನೀಲಿ, ಈಗಿನ ಬಣ್ಣಕ್ಕೆ ಈ ಆಳ ಎಲ್ಲಿಂದ ಬರಬೇಕು ಎಂದು ಮೆಲ್ಲಗೆ ಹೊಗಳಿದರು. ನಾನು ಅವರ ಮುಖ ನೋಡಿದೆ, ಮುಖದ ಜಾಡು ಹಿಡಿದು ಗೋಡೆ ನೋಡಿದೆ. ಅವರ ಎದುರಿಗಿದ್ದದ್ದು ಬರೀ ಗೋಡೆ. ಬಟ್ಟೆ ಅವರ ಎಡಕ್ಕಿತ್ತು.

ಸ್ವಲ್ಪ ಹೊತ್ತಿಗೆ ಅವರೇ ಕೇಳಿದರು.

"ಬಟ್ಟೆ ಯಾವ ಕಡೆ ಐತಿ?"

ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಎಂದು ಕೇಳುವ ದನಿಯೇ ಅದು. ಎರಡೂ ಭುಜ ಹಿಡಿದು ತಿರುಗಿಸಿದೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಮಬ್ಬಿನಲ್ಲಿ ಯುಗಾದಿಯಿಂದಲೇ ಏನೂ ಕಾಣುವುದಿಲ್ಲವಂತೆ. ಹೇಳಿದ್ದರೆ ನಾನು ಪ್ರಯಾಣ ನಿಲ್ಲಿಸುತ್ತಿದ್ದೆನಂತೆ. ನಿಜ, ನಿಲ್ಲಿಸುತ್ತಿದ್ದೆ.

ಚಿತ್ರಗಳನ್ನು ಒಂದೊಂದಾಗಿ ಹೇಳತೊಡಗಿದೆ. ಆ ಕಥೆ ಕಾನ್ವೆಂಟಿನ ಸಿಸ್ಟರುಗಳಿಂದ ನನಗೆ ಬಾಯಿಪಾಠ. ಅವರು ತಡೆದರು.

"ಚಿತ್ರ ಇರಲಿ. ಹೊಲಿಗೆ ಹೆಂಗೈತಿ, ಅದನ್ನ ಹೇಳು."

ಬಟ್ಟೆಯ ಹಿಂದೆ ಹೋಗಿ ನೋಡಲು ಬಿಡುತ್ತಾರೇನು ಎಂದೂ ಕೇಳಿದರು. ಆ ಹೆಂಗಸಿಗೆ ಕೈಸನ್ನೆಯಲ್ಲಿ, ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮವರು ಟೇಲರು, ಬಟ್ಟೆಯನ್ನು ಹಿಂದಿನಿಂದಲೇ ನೋಡುವವರು, ಕಣ್ಣು ಕಾಣುವುದಿಲ್ಲ, ಬೆರಳು ಮುಟ್ಟಿಸಿದರೆ ಸಾಕು. ಅವಳು ಎದ್ದು ಬಂದು ಅವರ ಕೈಯನ್ನೊಮ್ಮೆ ಹಿಡಿದುಕೊಂಡಳು. ಆದರೆ ಆಗುವುದಿಲ್ಲವೆಂದು ತಲೆಯಾಡಿಸಿದಳು. ಅವಳದೂ ಕೆಲಸವಲ್ಲವೇ.

ಬಟ್ಟೆಯ ಮುಂದೆ ಅಡ್ಡ ಕಟ್ಟಿದ್ದ ಹಗ್ಗದಾಚೆಗೆ ಬಗ್ಗಿ ನಾನೇ ನೋಡಿದೆ. ತುಂಡಿಗೆ ತುಂಡು ಕೂಡಿಸಿದ್ದು ಗೊತ್ತಾಗುತ್ತಿತ್ತು. ಅಲ್ಲಿಂದಾಚೆಗೆ ಆ ಬೆಳಕಿನಲ್ಲಿ ನನಗೂ ಏನೂ ಕಾಣಲಿಲ್ಲ. ಅವರು ಕಿವಿಯನ್ನು ನನ್ನ ಕಡೆ ಕೊಟ್ಟು ಕಾಯುತ್ತಿದ್ದರು. ಅಷ್ಟು ದೂರ ಬಂದವರಿಗೆ ಕಾಣುತ್ತಿಲ್ಲ ಎಂದು ಹೇಳಲು ನನ್ನಿಂದಾಗಲಿಲ್ಲ.

"ಎರಡು ಸಾಲು ಹೊಲಿಗೆರೀ, ಒತ್ತೊತ್ತಾಗಿ. ಅಂಚು ಮಡಚಿ ಹೊಲಿದವ್ರೆ" ಎಂದೆ. ಗಾಬರಿಯಲ್ಲಿ ತವರಿನ ಮಾತು ಬಂದಿತ್ತು.

ಅವರ ಹೆಬ್ಬೆರಳು ತೋರುಬೆರಳಿನ ಮೇಲೆ ನಿಧಾನವಾಗಿ ಓಡಿತು. ಒಂದು ತುದಿಯಿಂದ ಇನ್ನೊಂದು ತುದಿಗೆ.

"ಡಬಲ್ ಹೊಲಿಗಿ. ಅಲ್ನೋಡು, ಆಗಿನವರೂ" ಎಂದರು.

ಊರಿಗೆ ಬಂದು ಆರು ತಿಂಗಳಾಯಿತು. ಈಗ ಅವರಿಗೆ ಹಗಲಿನಲ್ಲೂ ಕೈ ಹಿಡಿಯಬೇಕು. ಶೆಡ್ಡಿನಲ್ಲಿ ಒಂದು ಕುರ್ಚಿ ಹಾಕಿಸಿದ್ದೇನೆ. ಪ್ಯಾಂಟುಗಳನ್ನು ಬೆರಳಲ್ಲೇ ಪಾಸು ಮಾಡುತ್ತಾರೆ. ಹೊಸದಾಗಿ ಯಾರು ಕೆಲಸಕ್ಕೆ ಬಂದರೂ ಜಿನೋವಾದ ಬಟ್ಟೆಯ ಕಥೆ ಹೇಳುತ್ತಾರೆ. ನಾನು ಕಣ್ಣಾರೆ ನೋಡೀನಿ, ಎರಡು ಸಾಲು ಹೊಲಿಗಿ, ಅಂಚು ಮಡಚಿದ್ದು, ಕೈಯಿಂದ ಹಾಕಿದ್ದು ಎನ್ನುತ್ತಾರೆ. ಹುಡುಗಿಯರು ಮಷೀನು ನಿಲ್ಲಿಸಿ, ಹೌದೇನಮ್ಮಾ ಎಂದು ನನ್ನ ಕಡೆ ತಿರುಗುತ್ತಾರೆ.

ಹೌದು ಎನ್ನುತ್ತೇನೆ.