ಹೊಲಿಯದೆ ಉಳಿದ ಕೊನೆಯ ಕಂತು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಫೋನಿನ ಈ ಓದುಗರ ಗುಂಪಿನಲ್ಲಿ ಇಷ್ಟುದ್ದ ಬರೆಸುತ್ತಿರುವುದು ಹೊನ್ನಾವರದ ಗೆಳತಿ ಶಾರದೆ. ಕೇಳಿ.

ಕಾಲು ಮುರಿದು ತಿಂಗಳಿಡೀ ಕುಮಟೆಯ ಮನೆಯಲ್ಲಿ ಮಲಗಿ ಪ್ರೇಮದ್ದು, ಮಾಯಾಲೋಕದ್ದು ಎಂದು ಒಂಬತ್ತು ಕಾದಂಬರಿ ಓದಿದೆ. ಮನಸ್ಸಿಗೆ ಹಿಡಿಸಿದ್ದು ಒಂದೇ: ಹುಡುಗಿಯರಾಗಿದ್ದಾಗ ನಾವಿಬ್ಬರು ವಾರಪತ್ರಿಕೆಯಿಂದ ಹರಿದಿಡುತ್ತಿದ್ದ, ಕಡಲಡಿಯ ರಾಜಕುಮಾರನ ಧಾರಾವಾಹಿ. ಅದು ಮುಗಿಯುವ ಮೊದಲೇ ನನ್ನ ಮದುವೆಯಾಯಿತು. ಆಮೇಲೆ ಶಾರದೆ ಎಲ್ಲ ಕಂತುಗಳನ್ನೂ ಗೋಣಿಸೂಜಿಯಲ್ಲಿ ಹೊಲಿದು ಪುಸ್ತಕ ಮಾಡಿ ಕಳಿಸಿದ್ದಳು. ಸಂಸಾರದ ಗಡಿಬಿಡಿಯಲ್ಲಿ ಬಿಡಿಸಿಯೇ ಇರಲಿಲ್ಲ.

ಈಗ ಮಲಗಿದಲ್ಲೇ ಬಿಡಿಸಿ ಓದುತ್ತ, ಇವತ್ತು ಕೊನೆಗೆ ಬಂದು ನೋಡಿದರೆ ಕೊನೆಯ ಕಂತೇ ಇಲ್ಲ. ಫೋನ್ ಮಾಡಿ, "ಎಂತ ಮಾಡ್ದೆ ಅದನ್ನ?" ಎಂದೆ.

"ಹೊಸ ಮದುಮಗಳು ಓದಿ ಅಳೂದು ಬೇಡ ಅಂತ ನಾನೇ ಹೊಲೀಲಿಲ್ಲ. ಪೆಟ್ಟಿಗೇಲಿ ಇದೆ. ಕೊಡೂದಿಲ್ಲ ಮಾರಾಯ್ತಿ, ಈಗ್ಲೂ ಅಳ್ತಿ ನೀ."

ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಮಾತು. ಶಾರದೆ, ಅಳುವುದು ನನ್ನ ಪಾಲಿನ ಕೆಲಸ. ಭಾನುವಾರದೊಳಗೆ ಕೊಡುತ್ತೀಯೋ ಇಲ್ಲವೋ, ಇಲ್ಲೇ ಕೆಳಗೆ ಬರೆ.